ಮಾನದಂಡದ ಬಾಯಿ

ಸಾಕು ಬೆಕ್ಕಿನ ಬಾಯಿ ನಾರುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನಮ್ಮ ನಗರದಲ್ಲಿ ಒಂದೇ ಒಂದು ಕಚೇರಿಗೆ ಇದೆ. ಆ ಕಚೇರಿ ನಗರಾಡಳಿತದ ಕಟ್ಟಡದಲ್ಲಿ ಎರಡನೇ ಮಹಡಿಯಲ್ಲಿದೆ. ಮಹಡಿಯನ್ನು ಯಾಕೆ ಹೇಳಿದೆ ಎಂದರೆ, ಮೊದಲನೇ ಮಹಡಿಯಲ್ಲಿ ನೀರಿನ ಬಿಲ್ಲು ಕಟ್ಟಿಸಿಕೊಳ್ಳುತ್ತಾರೆ. ಅಲ್ಲಿಗೆ ಬೆಕ್ಕು ತಂದವರನ್ನು ಅವರು ಬೈದು ಕಳಿಸುತ್ತಾರೆ. ಕಚೇರಿಯ ಹೆಸರು ಸಾಕುಬೆಕ್ಕು ಮುಖಾರೋಗ್ಯ ನಿರ್ದೇಶನಾಲಯ. ಮುಖಾರೋಗ್ಯ ಎಂದರೆ ಇಲ್ಲಿ ಬಾಯಿಯ ಆರೋಗ್ಯ ಮಾತ್ರ. ಕಣ್ಣು, ಕಿವಿ, ಮೀಸೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಮೀಸೆಯ ಬಗ್ಗೆ ವಿಚಾರಿಸಿಕೊಂಡು ಬಂದವರೂ ಇದ್ದಾರೆ, ಅದಕ್ಕೆ ಹೇಳಿದೆ.

ಆ ಕಚೇರಿಯಲ್ಲಿ ನಿಯಮಗಳ ಕರಡು ಬರೆಯುವ ಕೆಲಸ ನನ್ನದು. ಕರಡು ಎಂದರೆ, ಮೇಲಿನವರು ತಿದ್ದಲಿ ಎಂದು ಕೆಳಗಿನವರು ಬರೆಯುವ ಪ್ರತಿ. ಮನೆಯಲ್ಲಿ ನಾನು, ಅತ್ತೆ, ಮಸಿ ಇದ್ದೇವೆ. ಅತ್ತೆ ಎಂದರೆ ಗಂಡನ ತಾಯಿ. ಮಸಿ ಎಂದರೆ ಬೆಕ್ಕು. ಮೈಯೆಲ್ಲ ಕಪ್ಪಾದ್ದರಿಂದ ಆ ಹೆಸರು. ಗಂಡನೂ ಇದ್ದಾರೆ, ದೂರದ ಊರುಗಳಿಗೆ ಹೋಗುವ ಬಸ್ಸು ಓಡಿಸುತ್ತಾರೆ. ಮನೆಗೆ ಬಂದಾಗ ಅವರು ಮಲಗಿರುವುದರಿಂದ ಈ ಸಂಗತಿಯಲ್ಲಿ ಅವರ ಪಾತ್ರ ಏನೂ ಇಲ್ಲ.

ನಿರ್ದೇಶನಾಲಯ ಹುಟ್ಟಿದ್ದು ಹೀಗೆ. ನಗರಾಧ್ಯಕ್ಷರು ಒಬ್ಬ ಗಣ್ಯರ ಮನೆಗೆ ಊಟಕ್ಕೆ ಹೋಗಿದ್ದಾಗ ಆ ಮನೆಯ ಬೆಕ್ಕು ಅವರ ತೊಡೆಯೇರಿ, ಮುಖದ ಹತ್ತಿರ ಬಂದು, ಬಾಯಿ ತುಂಬ ಆಕಳಿಸಿತು. ಅಧ್ಯಕ್ಷರು ಅಂದು ಊಟ ಮಾಡಲಿಲ್ಲ. ಮುಂದಿನ ಸಭೆಯಲ್ಲೇ ವಿಷಯ ಚರ್ಚೆಗೆ ಬಂತು. ಬೆಕ್ಕಿನ ಬಾಯಿ ನಾರುವುದು ಬರೀ ನಾತದ ಪ್ರಶ್ನೆಯಲ್ಲ, ಹಲ್ಲೋ ವಸಡೋ ಕೆಟ್ಟಿದೆ ಎನ್ನುವುದರ ಸೂಚನೆ, ಬೆಕ್ಕು ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ ಎಂದು ಸರಕಾರಿ ಬೆಕ್ಕಿನ ಆಸ್ಪತ್ರೆಯ ವೈದ್ಯರು ಆ ಸಭೆಯಲ್ಲಿ ವಿವರಿಸಿದರು. ಈ ಮಾತನ್ನು ನಡಾವಳಿಯಲ್ಲಿ ಬರೆದುಕೊಳ್ಳಲಾಯಿತು. ಆಮೇಲೆ ಯಾರೂ ಅದನ್ನು ಎತ್ತಲಿಲ್ಲ.

ನಾರುವ ಬಾಯಿಯ ಬೆಕ್ಕುಗಳಿಗೆ ಉಚಿತ ಚಿಕಿತ್ಸೆ ಎಂದು ತೀರ್ಮಾನವಾಯಿತು. ಉಚಿತ ಎಂದ ಮೇಲೆ ದುರುಪಯೋಗ ಆಗುತ್ತದೆ, ಅಂದರೆ ನಾರದ ಬಾಯಿಯ ಬೆಕ್ಕುಗಳೂ ಬಂದುಬಿಡುತ್ತವೆ. ಅದನ್ನು ತಡೆಯಲು ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಕೊಡಲು ಕಚೇರಿ ಬೇಕು, ಕಚೇರಿಗೆ ನಿರ್ದೇಶಕರು ಬೇಕು, ನಿರ್ದೇಶಕರಿಗೆ ಕಾರು ಬೇಕು. ಹೀಗೆ ಒಂದರ ಹಿಂದೆ ಒಂದು ಬಂದು, ಕೊನೆಗೆ ಬೆಕ್ಕುಗಳೂ ಬಂದವು.

ದುರುಪಯೋಗಕ್ಕೆ ಎಲ್ಲಿಯೂ ಸಂದು ಇರಬಾರದು ಎಂದು ನಾನು ಒಂದು ಬಿಗಿಯಾದ ನಿಯಮ ಬರೆದೆ. ಅದು ಹೀಗಿದೆ: "ದುರ್ವಾಸನಾ ಪ್ರಮಾಣಪತ್ರವಿಲ್ಲದೆ ಯಾವುದೇ ವೈದ್ಯರು, ಖಾಸಗಿ ವೈದ್ಯರೂ ಸೇರಿದಂತೆ, ಬೆಕ್ಕಿನ ಬಾಯಿಯನ್ನು ತೆರೆಯತಕ್ಕದ್ದಲ್ಲ. ಬೆಕ್ಕು ಸ್ವಇಚ್ಛೆಯಿಂದ ಆಕಳಿಸಿದಲ್ಲಿ ನೋಡಬಹುದು, ಮುಟ್ಟತಕ್ಕದ್ದಲ್ಲ." ನಿರ್ದೇಶಕರು ಅಂಚಿನಲ್ಲಿ 'ಆಕಳಿಕೆಯ ಷರತ್ತು ಚೆನ್ನಾಗಿದೆ' ಎಂದು ಹಸಿರು ಶಾಯಿಯಲ್ಲಿ ಬರೆದರು. ನನಗೆ ಸಂತೋಷವಾಯಿತು.

ಬೆಕ್ಕು ಎಂದರೆ ಏನು ಎಂದು ಬರೆಯುವುದು ಮಾತ್ರ ಕಷ್ಟವಾಯಿತು. ನಾನು ಮೊದಲು ನಾಲ್ಕು ಕಾಲು ಮತ್ತು ಬಾಲವುಳ್ಳ ಪ್ರಾಣಿ ಎಂದು ಬರೆದಿದ್ದೆ. ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡ ಬೆಕ್ಕಿನ ಯಜಮಾನರು ಆಕ್ಷೇಪಿಸಿದ್ದರಿಂದ ಕಾಲು ತೆಗೆದೆ. ಹುಟ್ಟಿನಿಂದಲೇ ಬಾಲವಿಲ್ಲದ ಬೆಕ್ಕುಗಳ ಪರವಾಗಿ ಒಂದು ನಿಯೋಗ ಬಂದದ್ದರಿಂದ ಬಾಲ ತೆಗೆದೆ. ಕೂದಲಿಲ್ಲದ ತಳಿ ಇದೆಯೆಂದು ಯಾರೋ ಹೇಳಿದರು, ಕೂದಲೂ ಹೋಯಿತು. ಕೊನೆಗೆ ಉಳಿದದ್ದು ಇಷ್ಟು: "ಬೆಕ್ಕು ಎಂದರೆ, ಮನೆಯೊಂದರಲ್ಲಿ ಸಾಕಲ್ಪಟ್ಟು, ಊಟದ ಹೊತ್ತಿಗೆ ತಾನಾಗಿಯೇ ಹಾಜರಾಗಿ, ಮಿಕ್ಕ ಹೊತ್ತಿನಲ್ಲಿ ಹೆಚ್ಚಾಗಿ ಕುಳಿತಿರುವ ಅಥವಾ ಮಲಗಿರುವ ಜೀವಿ." ಇದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ.

ವಾಸನೆ ಅಳೆಯಲು ಮೊದಲು ಒಂದು ಯಂತ್ರ ತರಿಸಲಾಯಿತು. ಅದು ಕುಡಿದು ಗಾಡಿ ಓಡಿಸುವವರ ಬಾಯಿಗೆ ಹಿಡಿಯುವ ಯಂತ್ರ. ಸರಬರಾಜುದಾರರ ಪ್ರಕಾರ ಬಾಯಿ ಯಾರದಾದರೂ ಬಾಯಿಯೇ. ಮೊದಲ ವಾರ ಪರೀಕ್ಷಿಸಿದ ಬೆಕ್ಕುಗಳಲ್ಲಿ ಒಂದೂ ಮದ್ಯಪಾನ ಮಾಡಿರಲಿಲ್ಲ. ಇದು ಸಮಾಧಾನದ ವಿಷಯವೇ ಆದರೂ ನಮಗೆ ಬೇಕಾದ ಉತ್ತರ ಅದಾಗಿರಲಿಲ್ಲ. ಆದ್ದರಿಂದ ಯಂತ್ರವನ್ನು ಬಟ್ಟೆ ಹೊದಿಸಿ ಕಪಾಟಿನ ಮೇಲೆ ಇಟ್ಟು, ಘ್ರಾಣ ಸಹಾಯಕ ಎಂಬ ಹುದ್ದೆ ಸೃಷ್ಟಿಸಿದರು. ಘ್ರಾಣ ಎಂದರೆ ಮೂಸುವುದು. ಅದಕ್ಕೆ ಬಂದವರು ಅಡುಗೆ ಅನಿಲದ ಗೋದಾಮಿನಲ್ಲಿ ಸಿಲಿಂಡರ್ ಸೋರುತ್ತಿದೆಯೇ ಎಂದು ಮೂಸಿ ಹೇಳುತ್ತಿದ್ದವರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಮೂಗಣ್ಣ ಎನ್ನುತ್ತಾರೆ. ಅವರಿಗೆ ಬೇಸರವಿಲ್ಲ.

ಮೂಗಣ್ಣ ಬಂದ ದಿನವೇ ಒಂದು ಪ್ರಶ್ನೆ ಕೇಳಿದರು. ಎಷ್ಟು ನಾರಿದರೆ ನಾತ ಅಂತ ಬರೀಬೇಕು ಎಂದು. ಗೋದಾಮಿನಲ್ಲಾದರೆ ಸೋರಿದೆ, ಸೋರಿಲ್ಲ, ಎರಡೇ ಮಾತು. ಇಲ್ಲಿ ಹಾಗಲ್ಲ. ಬೆಕ್ಕು ಮೀನು ತಿಂದರೆ ಮೀನು ವಾಸನೆ ಬರುತ್ತದೆ, ಅದು ರೋಗವಲ್ಲ. ಒಂದು ಮಾನದಂಡ ಬೇಕೇ ಬೇಕು ಎಂದಾಯಿತು. ಮಾನದಂಡ ಎಂದರೆ ಅಳೆಯುವುದಕ್ಕೆ ಇಟ್ಟುಕೊಳ್ಳುವ ಅಳತೆ.

ಇಲ್ಲಿ ನಿರ್ದೇಶಕರ ಬಗ್ಗೆ ಒಂದು ಮಾತು. ಅವರು ಒಳ್ಳೆಯ ಮನುಷ್ಯರು. ಇದನ್ನು ಈಗಲೇ ಹೇಳಿಬಿಡುವುದು ಮೇಲು, ಯಾಕೆಂದರೆ ಇನ್ನು ಮುಂದೆ ಅವರ ಬಾಯಿಯ ವಿಷಯ ಬರುತ್ತದೆ.

ಮಾನದಂಡ ನಿಗದಿಯ ಸಭೆಯಲ್ಲಿ, ಸಾಮಾನ್ಯ ಮನುಷ್ಯನ ಬಾಯಿಗಿಂತ ಕೆಟ್ಟದಾಗಿದ್ದರೆ ಅದನ್ನು ದುರ್ವಾಸನೆ ಎನ್ನಬಹುದು ಎಂದು ಎಲ್ಲರೂ ಒಪ್ಪಿದರು. ಯಾವ ಮನುಷ್ಯ ಎಂಬ ಪ್ರಶ್ನೆ ಎದ್ದಿತು. ಮಾನದಂಡ ದಿನಾ ಕಚೇರಿಯಲ್ಲಿ ಸಿಗಬೇಕು, ಜವಾಬ್ದಾರಿಯ ಸ್ಥಾನದಲ್ಲಿರಬೇಕು, ಪದೇ ಪದೇ ವರ್ಗವಾಗಬಾರದು. ಗುಮಾಸ್ತರು ಮೇಲ್ವಿಚಾರಕರ ಹೆಸರು ಹೇಳಿದರು. ಮೇಲ್ವಿಚಾರಕರು ವಿನಯದಿಂದ ಉಪನಿರ್ದೇಶಕರ ಹೆಸರು ಹೇಳಿದರು. ಉಪನಿರ್ದೇಶಕರು ನಿರ್ದೇಶಕರ ಕಡೆ ನೋಡಿದರು. ನಿರ್ದೇಶಕರು ದೊಡ್ಡ ಮನಸ್ಸಿನವರು. "ಆಯ್ತು, ನನ್ನ ಬಾಯನ್ನೇ ಇಟ್ಕೊಳ್ಳಿ," ಎಂದು ಮೇಜಿನ ಮೇಲೆ ಬಾಗಿ ಹೇಳಿದರು. ಮೇಜಿನ ಆ ಕಡೆ ಕುಳಿತವರು ತಕ್ಷಣ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದರೆ ಗಾಳಿ ಓಡಾಡುತ್ತದೆ.

ಆವತ್ತಿನಿಂದ ಕ್ರಮ ಹೀಗೆ. ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ಮೂಗಣ್ಣ ನಿರ್ದೇಶಕರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಿರ್ದೇಶಕರು ಒಮ್ಮೆ 'ಹಾ' ಎನ್ನುತ್ತಾರೆ. ಮೂಗಣ್ಣ ಹೊರಗೆ ಬಂದು, ವರಾಂಡದ ಕಿಟಕಿಯ ಬಳಿ ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಂತು, ಅಳತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದು, ಬೆಕ್ಕುಗಳನ್ನು ಮೂಸುತ್ತಾರೆ. ಬೆಕ್ಕು ಸಾಹೇಬರಿಗಿಂತ ಹೆಚ್ಚು ನಾರಿದರೆ ಪ್ರಮಾಣಪತ್ರ. ಇಲ್ಲದಿದ್ದರೆ 'ಸುವಾಸಿತ' ಎಂಬ ಮುದ್ರೆ.

ಯಾವ ಬೆಕ್ಕೂ ಹೆಚ್ಚು ನಾರಲಿಲ್ಲ. ವಸಡು ಕೆಂಪಗಾದ ಬೆಕ್ಕು ಬಂತು, ಸುವಾಸಿತ. ಜೊಲ್ಲು ಸುರಿಸುವ ಬೆಕ್ಕು ಬಂತು, ಸುವಾಸಿತ. ಮುದಿ ಬೆಕ್ಕೊಂದು ಬಾಯಿ ತೆರೆದಾಗ ಸಾಲಿನಲ್ಲಿದ್ದವರು ಸೆರಗು, ಕರವಸ್ತ್ರ ಮೂಗಿಗೆ ಹಿಡಿದುಕೊಂಡರು. ಮೂಗಣ್ಣ ಮಾತ್ರ ಅದರ ಮುಂದೆ ಕಣ್ಣು ಮುಚ್ಚಿ, ತೋಟದಲ್ಲಿ ನಿಂತವರ ಹಾಗೆ, ಇನ್ನೂ ಒಂದು ಸಲ ಉಸಿರೆಳೆದುಕೊಂಡರು. ವರ್ಷ ಮುಗಿಯುವ ಮೊದಲೇ ನಮ್ಮದು ದುರ್ವಾಸನಾಮುಕ್ತ ನಗರ ಎಂದು ಘೋಷಣೆಯಾಯಿತು. ನಿರ್ದೇಶಕರಿಗೆ ಫಲಕ ಕೊಟ್ಟರು. ಫಲಕ ಕೊಟ್ಟ ಗಣ್ಯರು ಕೈ ಆದಷ್ಟು ಉದ್ದ ಚಾಚಿ ಕೊಟ್ಟರು. ಬೆಕ್ಕಿನ ಆಸ್ಪತ್ರೆಯಲ್ಲಿ ವೈದ್ಯರು ದಿನಾ ಉಪಕರಣಗಳನ್ನು ಕುದಿಸಿ, ಒರೆಸಿ, ಮತ್ತೆ ಅದೇ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಈ ಹೊತ್ತಿಗೆ ನಮ್ಮ ಮಸಿ ತಿನ್ನುವುದನ್ನು ಕಡಿಮೆ ಮಾಡಿತ್ತು.

ಮೊದಲು ಗಮನಿಸಿದ್ದು ಅತ್ತೆ. ಮಸಿ ಅವರ ಪಕ್ಕದಲ್ಲೇ ಮಲಗುವುದು. ರಾತ್ರಿ ಅದು ಮುಖದ ಕಡೆ ತಿರುಗಿದರೆ ಎಚ್ಚರವಾಗುತ್ತದೆ ಎಂದು ಅವರು ದೂರಿದಾಗ ನಾನು ದಿಂಬು ಬದಲಿಸಿಕೊಳ್ಳಿ ಎಂದೆ. ಆಮೇಲೆ ಅದು ತಟ್ಟೆಯ ಹತ್ತಿರ ಓಡಿ ಬಂದು, ಒಂದು ತುತ್ತು ಬಾಯಿಗೆ ಹಾಕಿ, ತಲೆ ಓರೆ ಮಾಡಿ, ಒಂದು ಕಡೆಯಿಂದ ಅಗಿದು, ಅರ್ಧ ಕೆಳಗೆ ಬೀಳಿಸಿ, ತಟ್ಟೆಯನ್ನೇ ನೋಡುತ್ತ ಕುಳಿತುಕೊಳ್ಳತೊಡಗಿತು. ಹಸಿವಿಲ್ಲ ಎಂದಲ್ಲ. ಹಸಿವಿತ್ತು. ಮುಂಗಾಲಿನಿಂದ ಕೆನ್ನೆ ಉಜ್ಜಿಕೊಳ್ಳುತ್ತಿತ್ತು. ಎತ್ತಿಕೊಂಡರೆ ಮೊದಲಿನ ಭಾರ ಇರಲಿಲ್ಲ.

ಅತ್ತೆ ಅದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋದರು. ವೈದ್ಯರು ಬುಟ್ಟಿ ನೋಡಿ ಎದ್ದು ನಿಂತರಂತೆ, ಪ್ರಮಾಣಪತ್ರವಿಲ್ಲ ಎಂದು ತಿಳಿದು ಮತ್ತೆ ಕುಳಿತರಂತೆ. ಆದರೂ ಸಜ್ಜನರು. ಮಸಿ ಆಕಳಿಸಲಿ ಎಂದು ಅದರ ಎದುರು ತಾವೇ ಹಲವು ಸಲ ಆಕಳಿಸಿ ತೋರಿಸಿದರು. ಅವರನ್ನು ನೋಡಿ ಅತ್ತೆ ಆಕಳಿಸಿದರು, ಕಾಂಪೌಂಡರ್ ಆಕಳಿಸಿದ, ಕೊನೆಗೆ ಮಸಿಯೂ ಆಕಳಿಸಿತು. ಆ ಒಂದು ಗಳಿಗೆಯಲ್ಲಿ ವೈದ್ಯರು ಬೆನ್ನ ಹಿಂದೆ ಕೈ ಕಟ್ಟಿಕೊಂಡೇ ನೋಡಿ ಹೇಳಿದರು: ಹಲ್ಲಿನ ಮೇಲೆ ಹಳದಿ ಪದರ ಗಟ್ಟಿಯಾಗಿ ಕಟ್ಟಿದೆ, ಹಿಂದಿನ ದವಡೆ ಹಲ್ಲು ಪೂರ್ತಿ ಹೋಗಿದೆ, ಬುಡದಲ್ಲಿ ಕೀವು ಇದೆ. ಮಂಪರು ಕೊಟ್ಟು ಆ ಹಲ್ಲು ಕೀಳಬೇಕು. ಬೆಕ್ಕು ತಿನ್ನುವುದನ್ನು ಪೂರ್ತಿ ಬಿಟ್ಟರೆ ಹೆಚ್ಚು ದಿನ ತಡೆಯುವುದಿಲ್ಲ.

ಅತ್ತೆ ಮನೆಗೆ ಬಂದು ಇದನ್ನೆಲ್ಲ ನನಗೆ ಹೇಳಿದರು. ಬೆಕ್ಕಿನ ಬಾಯಿ ತೆರೆಯಬಾರದು ಅಂತ ಬರೆದ ಪುಣ್ಯಾತ್ಮ ಯಾರು ಅಂತ ನಿಮ್ಮ ಆಫೀಸಲ್ಲಿ ಕೇಳು ಎಂದರು. ಕೇಳುತ್ತೇನೆ ಎಂದೆ.

ಮರುದಿನ ನಾನೇ ಮಸಿಯನ್ನು ಕಚೇರಿಗೆ ಕರೆದುಕೊಂಡು ಹೋದೆ. ಸಿಬ್ಬಂದಿಯ ಬೆಕ್ಕೆಂದು ಮುಂದೆ ಹೋಗಬಾರದು, ಸಾಲಿನಲ್ಲಿ ನಿಂತೆ. ಮೂಗಣ್ಣ ಮಸಿಯ ಬಾಯಿಯ ಬಳಿ ಮೂಗು ತಂದರು, ಯೋಚಿಸಿದರು, ಇನ್ನೊಮ್ಮೆ ತಂದರು.

"ಮೇಡಂ, ನಿಮ್ಮ ಮುಖ ನೋಡಿ ಬರ್ಕೊಡೋಣ ಅನ್ಸುತ್ತೆ," ಎಂದರು. "ಆದರೆ ಬೆಳಿಗ್ಗೆ ಸಾಹೇಬರದ್ದು ನೋಡಿ ಬಂದಿದೀನಿ. ಅದರ ಮುಂದೆ ಇದು ಮಲ್ಲಿಗೆ."

ಮಸಿಯ ಕೊರಳಪಟ್ಟಿಗೆ 'ಸುವಾಸಿತ' ಎಂಬ ಮುದ್ರೆ ಬಿತ್ತು. ಮುದ್ರೆ ಹಾಕುವಾಗ ಕೈ ತಗುಲಿ ಕೆನ್ನೆ ನೋಯಿತೆಂದು ಅದು ಕೂಗಿತು. ಸುವಾಸಿತ ಬೆಕ್ಕುಗಳ ಕೂಗನ್ನು ದಾಖಲಿಸುವ ಪದ್ಧತಿ ಇಲ್ಲ.

ನಿರ್ಣಯ ಒಪ್ಪದವರು ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಕೇಳುವವರು ನಿರ್ದೇಶಕರು. ಅವರು ಸ್ವತಃ ಮೂಸಿ ನೋಡುತ್ತಾರೆ. ನಾನು ಸಿಬ್ಬಂದಿಯಾದ್ದರಿಂದ ಮೇಲ್ಮನವಿಯಲ್ಲಿ ಅರ್ಜಿದಾರಳಾಗುವಂತಿಲ್ಲ, ಅತ್ತೆ ಬಂದರು. ಬರುವಾಗ ಒಗೆದ ಸೀರೆ ಉಟ್ಟು, ಬುಟ್ಟಿಗೂ ಒಗೆದ ಬಟ್ಟೆ ಹಾಸಿದ್ದರು. ಅಷ್ಟು ಹೊತ್ತಿಗೆ ಮಸಿ ಎರಡು ದಿನದಿಂದ ಗಂಜಿಯ ತಿಳಿಯನ್ನಷ್ಟೇ ನೆಕ್ಕುತ್ತಿತ್ತು.

ನಿರ್ದೇಶಕರು ಕುರ್ಚಿಯಿಂದ ಎದ್ದು ಬಂದು ಬುಟ್ಟಿಯ ಮೇಲೆ ಬಾಗಿದರು. ಕೆಟ್ಟ ಹಲ್ಲಿನಿಂದ ಮಂಕಾಗಿ ಮಲಗಿದ್ದ ಮಸಿ ಕಣ್ಣು ಬಿಟ್ಟಿತು, ಒಂದು ಸಲ ಸೀನಿತು, ಬುಟ್ಟಿಯಿಂದ ಇಳಿದು ಕೋಣೆಯ ಇನ್ನೊಂದು ಮೂಲೆಗೆ ನಡೆದು, ಗೋಡೆಯ ಕಡೆ ಮುಖ ಮಾಡಿ ಕುಳಿತಿತು. 'ಅರ್ಜಿದಾರ ಬೆಕ್ಕು ಸಹಕರಿಸಲಿಲ್ಲ' ಎಂದು ಬರೆದುಕೊಳ್ಳಲು ನಿರ್ದೇಶಕರು ನನಗೆ ಹೇಳಿದರು. ಬರೆದುಕೊಂಡೆ.

ಅಷ್ಟರಲ್ಲಿ ಅಟೆಂಡರ್ ಚಹಾ ತಂದಿಟ್ಟ. ಸಾಹೇಬರು ಅತ್ತೆಗೂ ಕುಳಿತುಕೊಳ್ಳಲು ಹೇಳಿ, ಬಿಸ್ಕತ್ತನ್ನು ಚಹಾದಲ್ಲಿ ಬಹಳ ಹೊತ್ತು ನೆನೆಸಿದರು. ಬಾಯಿಗೆ ಹಾಕಿಕೊಂಡು, ತಲೆಯನ್ನು ಬಲಕ್ಕೆ ವಾಲಿಸಿ, ಒಂದೇ ಕಡೆಯಿಂದ ನಿಧಾನವಾಗಿ ಅಗಿದರು. ಒಂದು ಚೂರು ಜಾರಿ ಮೇಜಿನ ಮೇಲೆ ಬಿತ್ತು. ಅದನ್ನೇ ನೋಡುತ್ತ ಕುಳಿತರು.

ಅತ್ತೆ ಅವರನ್ನು ಗಮನಿಸುತ್ತಿದ್ದರು. "ಎಡಗಡೆ ದವಡೆನಾ?" ಎಂದು ಕೇಳಿದರು.

"ಏನಮ್ಮಾ?"

"ನೋವು. ನಮ್ಮ ಮಸಿನೂ ಹೀಗೇ ತಿನ್ನೋದು. ತಲೆ ಓರೆ ಮಾಡ್ಕೊಂಡು, ಅರ್ಧ ಬೀಳಿಸ್ಕೊಂಡು."

ನಿರ್ದೇಶಕರು ನನಗೆ ಬಾಗಿಲು ಹಾಕಲು ಸನ್ನೆ ಮಾಡಿದರು. ಹಾಕಿದೆ. ಆಮೇಲೆ ಕಿಟಕಿಗಳನ್ನು ತೆರೆದೆ, ಎರಡೂ ಅಗತ್ಯವಾಗಿತ್ತು.

"ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲಮ್ಮ," ಎಂದರು ನಿರ್ದೇಶಕರು. ಅವರ ಧ್ವನಿ ಸಣ್ಣದಾಗಿತ್ತು. "ಮನೆಯವಳೂ ಕೇಳಿಲ್ಲ."

"ಅವಳು ಎಲ್ಲಿ ಮಲಗ್ತಾಳೆ?"

"ಪಕ್ಕದ ಕೋಣೇಲಿ."

"ಹೇಳಿದ ಹಾಗೇ ಆಯ್ತಲ್ಲಪ್ಪ."

ನಿರ್ದೇಶಕರು ಎಲ್ಲವನ್ನೂ ಹೇಳಿಕೊಂಡರು. ಹಲ್ಲು ನೋಯಲು ಶುರುವಾಗಿ ಬಹಳ ಕಾಲವಾಗಿತ್ತು. ತಣ್ಣೀರು ಕುಡಿದರೆ ತಲೆಯವರೆಗೆ ಸಿಡಿಯುತ್ತಿತ್ತು. ಕೀಳಿಸಿಕೊಳ್ಳಲು ಹೊರಟಾಗ ಲೆಕ್ಕಪರಿಶೋಧಕರು ತಕರಾರು ತೆಗೆದರು. ಮಾನದಂಡವೆಂದು ಒಮ್ಮೆ ಅಂಗೀಕಾರವಾದ ವಸ್ತುವನ್ನು ಬದಲಿಸುವಂತಿಲ್ಲ. ಅಳತೆಗೋಲನ್ನು ಯಾರಾದರೂ ನಡುವೆ ಕತ್ತರಿಸುತ್ತಾರೆಯೇ ಎಂದು ಅವರು ಕೇಳಿದ್ದರು. ಲವಂಗ ಕೂಡ ಬಾಯಿಗೆ ಹಾಕುವಂತಿರಲಿಲ್ಲ. ವಿಶೇಷ ಅನುಮತಿ ಕೊಡುವ ಅಧಿಕಾರ ನಿರ್ದೇಶಕರಿಗೇ ಇತ್ತು, ಅವರು ತಮಗೇ ಅರ್ಜಿ ಬರೆದುಕೊಂಡಿದ್ದರು. ಆದರೆ ಅರ್ಜಿದಾರರ ಸ್ವಂತ ಹಿತ ಅಡಗಿದೆ ಎಂಬ ಕಾರಣಕ್ಕೆ ಅವರೇ ಅದನ್ನು ತಿರಸ್ಕರಿಸಬೇಕಾಯಿತು. ನಿಷ್ಪಕ್ಷಪಾತ ಎಂದರೆ ಹೀಗಿರಬೇಕು.

ಅತ್ತೆ ಮೂಲೆಯಲ್ಲಿ ಕುಳಿತ ಮಸಿಯನ್ನೂ ಕುರ್ಚಿಯಲ್ಲಿ ಕುಳಿತ ನಿರ್ದೇಶಕರನ್ನೂ ನೋಡಿದರು. ಇವನ ಹಲ್ಲು ಕೀಳೋವರೆಗೂ ಅವಳ ಹಲ್ಲು ಕೀಳಲ್ಲ, ಅಷ್ಟೇ ತಾನೇ ಎಂದು ನನ್ನನ್ನು ಕೇಳಿದರು. ಅವರು ಮಸಿಯನ್ನು 'ಅವಳು' ಎನ್ನುತ್ತಾರೆ. ನಿಯಮದ ಭಾಷೆಯಲ್ಲಿ ಅಷ್ಟು ಸರಳವಾಗಿ ಹೇಳಲು ಬರುವುದಿಲ್ಲ, ಆದರೂ ಹೌದು ಎಂದೆ.

"ಪುಕ್ಕಟೆ ಚಿಕಿತ್ಸೆ ಯಾರಿಗೆ ಕೊಡ್ತೀರಪ್ಪ ನೀವು?"

"ಬೆಕ್ಕುಗಳಿಗೆ," ಎಂದರು ನಿರ್ದೇಶಕರು.

"ಸರಿ. ಹಾಗಾದರೆ ಬೆಕ್ಕಾಗಿ ಹೋಗು."

ಕೋಣೆಯಲ್ಲಿ ಯಾರೂ ನಗಲಿಲ್ಲ. ನಿರ್ದೇಶಕರು ನನ್ನ ಕಡೆ ತಿರುಗಿದರು. ನಾನು ನಿಯಮಾವಳಿ ತೆಗೆದು, ಬೆಕ್ಕು ಎಂದರೆ ಏನು ಎಂಬ ಭಾಗವನ್ನು ಗಟ್ಟಿಯಾಗಿ ಓದಿದೆ. ಮನೆಯೊಂದರಲ್ಲಿ ಸಾಕಲ್ಪಟ್ಟು. ನಿರ್ದೇಶಕರು ತಲೆಯಾಡಿಸಿದರು. ಊಟದ ಹೊತ್ತಿಗೆ ತಾನಾಗಿಯೇ ಹಾಜರಾಗಿ. ಅದಕ್ಕೂ ತಲೆಯಾಡಿಸಿದರು. ಮಿಕ್ಕ ಹೊತ್ತಿನಲ್ಲಿ ಹೆಚ್ಚಾಗಿ ಕುಳಿತಿರುವ ಅಥವಾ ಮಲಗಿರುವ. ಅವರು ತಮ್ಮ ಕುರ್ಚಿಯನ್ನು ಒಮ್ಮೆ ನೋಡಿಕೊಂಡು, "ಕರಡು ಚೆನ್ನಾಗಿದೆ ರೀ," ಎಂದರು.

ಒಂದು ತೊಡಕು ಉಳಿಯಿತು. ಪ್ರಮಾಣಪತ್ರ ಸಿಗಬೇಕಾದರೆ ಮಾನದಂಡಕ್ಕಿಂತ ಹೆಚ್ಚು ನಾರಬೇಕು. ನಿರ್ದೇಶಕರು ಮಾನದಂಡಕ್ಕೆ ಸರಿಸಮ ನಾರುತ್ತಾರೆ, ಯಾಕೆಂದರೆ ಮಾನದಂಡ ಅವರೇ. ಮೂಗಣ್ಣನನ್ನು ಕರೆಸಿದೆವು. ಅವರು ಬಹಳ ಹೊತ್ತು ಯೋಚಿಸಿ, ತಾವು ಅಳತೆ ತೆಗೆದುಕೊಳ್ಳುವುದು ಬೆಳಿಗ್ಗೆ, ಆಗ ಸಾಹೇಬರು ಹಲ್ಲುಜ್ಜಿ ಬಂದಿರುತ್ತಾರೆ, ಮಧ್ಯಾಹ್ನ ಊಟವಾದ ಮೇಲಿನ ಸಾಹೇಬರನ್ನು ಇದುವರೆಗೆ ಅಧಿಕೃತವಾಗಿ ಮೂಸಿಲ್ಲ ಎಂದರು. ಅನಧಿಕೃತವಾಗಿ ಕಚೇರಿಯಲ್ಲಿ ಎಲ್ಲರೂ ಮೂಸಿದ್ದೆವು. ಅದು ಲೆಕ್ಕಕ್ಕೆ ಬರುವುದಿಲ್ಲ.

ಮರುದಿನ ಮಧ್ಯಾಹ್ನ ನಿರ್ದೇಶಕರು ಊಟಕ್ಕೆ ಎರಡು ಈರುಳ್ಳಿ ಹೆಚ್ಚು ತಿಂದು, ಕೈತೊಳೆದು, ಬೆಕ್ಕುಗಳ ಸಾಲಿನ ಕೊನೆಯಲ್ಲಿ ಬಂದು ನಿಂತರು. ಮುಂದಿದ್ದವರು ದಾರಿ ಬಿಡಲು ಹೋದರೆ ಬೇಡವೆಂದರು. ಆದರೂ ಅವರ ಮುಂದೆ ನಿಂತಿದ್ದವರು ತಾವಾಗಿಯೇ ಚದುರಿದರು. ಅರ್ಜಿಯಲ್ಲಿ ಬಣ್ಣ ಎಂಬ ಕಡೆ ಗೋಧಿ ಎಂದು, ಬಾಲ ಎಂಬ ಕಡೆ ಇಲ್ಲ ಎಂದು ನಾನೇ ತುಂಬಿದೆ. ಸಾಕಿದವರು ಎಂಬ ಕಡೆ ಅತ್ತೆ ಸಹಿ ಹಾಕಿದರು. ಸಾಹೇಬರ ಮನೆಯವರನ್ನು ಕೇಳಿ ಹಾಕಿಸಬಹುದಿತ್ತು, ಆದರೆ ನಿರ್ದೇಶಕರೇ ಬೇಡ, ಈ ಅಮ್ಮನೇ ಇರಲಿ ಎಂದರು.

ಮೂಗಣ್ಣ ಮುಂದೆ ಬಂದರು. ನಿರ್ದೇಶಕರು 'ಹಾ' ಎಂದರು. ಮೂಗಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, "ಮಾನದಂಡ ಮೀರಿದೆ," ಎಂದು ಘೋಷಿಸಿದರು. ನಿರ್ದೇಶನಾಲಯದ ಇತಿಹಾಸದಲ್ಲಿ ಮೊದಲ ದುರ್ವಾಸನಾ ಪ್ರಮಾಣಪತ್ರ ಅದು. ನಿರ್ದೇಶಕರು ಅದಕ್ಕೆ ತಾವೇ ಸಹಿ ಹಾಕಿ, ತಾವೇ ಸ್ವೀಕರಿಸಿ, ತಮಗೆ ತಾವೇ ಅಭಿನಂದನೆ ಹೇಳಿಕೊಂಡರು. ಸಿಬ್ಬಂದಿಗೆ ಕಣ್ಣಲ್ಲಿ ನೀರು ಬಂತು. ಎಲ್ಲವೂ ಸಂತೋಷದ್ದಲ್ಲ, ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಪ್ರಮಾಣಪತ್ರವನ್ನೂ ರೋಗಿಯನ್ನೂ ಒಂದಾದ ಮೇಲೊಂದು ನೋಡಿದರು. ತಾನು ಪ್ರಾಣಿಗಳ ವೈದ್ಯ ಎಂದು ಮೆಲ್ಲಗೆ ಹೇಳಿದರು. ಅತ್ತೆ ಮುದ್ರೆ ತೋರಿಸಿದರು. ಮುದ್ರೆ ಸರಿಯಾಗಿತ್ತು, ಉಪಕರಣಗಳೂ ಕುದಿದು ಸಿದ್ಧವಾಗಿದ್ದವು. ಬೆಕ್ಕಿನ ತೂಕದ ಬುಟ್ಟಿಯಲ್ಲಿ ಹಿಡಿಸದ ಕಾರಣ ರೋಗಿಯನ್ನು ಹಿತ್ತಲಿನಲ್ಲಿದ್ದ ದನದ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡಿ, ಅದಕ್ಕೆ ತಕ್ಕಷ್ಟು ಮದ್ದು ಕೊಟ್ಟು, ಹಲ್ಲು ಕಿತ್ತು, ಉಳಿದ ಹಲ್ಲುಗಳ ಮೇಲಿನ ಹಳದಿ ಪದರ ಕೆರೆದು ತೆಗೆದರು. ಪರಚದೆ, ಕಚ್ಚದೆ ಇಷ್ಟು ಚೆನ್ನಾಗಿ ಸಹಕರಿಸಿದ ರೋಗಿಯನ್ನು ನೋಡಿಲ್ಲ ಎಂದು ಹೊಗಳಿದರು. ಸಾಕಿದವರಿಗೆ ಹೇಳಬೇಕಾದ ಮಾತುಗಳನ್ನು ಅತ್ತೆಗೆ ಹೇಳಿದರು. ಕೆಲವು ದಿನ ಮೆತ್ತಗಿನ ಆಹಾರ ಕೊಡಿ. ಎತ್ತರದ ಕಪಾಟು ಹತ್ತಲು ಬಿಡಬೇಡಿ. ಗಾಯ ಕೆರೆದುಕೊಳ್ಳದಂತೆ ಕೊರಳಿಗೆ ಈ ಕೊಳವೆ ಕಟ್ಟಿ.

ಕೊಳವೆ ಎಂದರೆ, ಪ್ರಾಣಿಗಳ ಕುತ್ತಿಗೆಗೆ ಹಾಕುವ, ದೊಡ್ಡ ಲಾಳಿಕೆಯಂತಹ ಪ್ಲಾಸ್ಟಿಕ್ಕಿನ ಪಟ್ಟಿ. ಇದ್ದದ್ದರಲ್ಲಿ ದೊಡ್ಡ ನಾಯಿಯದ್ದು ಸಾಹೇಬರಿಗೆ ಸರಿಹೋಯಿತು. ಅದನ್ನು ಹಾಕಿಕೊಂಡೇ ಅವರು ವಾರದ ಸಭೆ ನಡೆಸಿದರು. ಧ್ವನಿ ಕೊಳವೆಯಲ್ಲಿ ತುಂಬಿ ದೊಡ್ಡದಾಗಿ ಹೊರಡುತ್ತಿತ್ತು. ಸಾಹೇಬರ ಮಾತಿಗೆ ಇಷ್ಟು ತೂಕ ಎಂದೂ ಬಂದಿರಲಿಲ್ಲ ಎಂದು ಎಲ್ಲರೂ ಒಪ್ಪಿದರು. ಉಪನಿರ್ದೇಶಕರು ಸಭೆಯ ನಂತರ ನನ್ನ ಬಳಿ ಬಂದು, ತಮ್ಮ ದರ್ಜೆಗೆ ಕೊಳವೆಯ ಅಗಲ ಎಷ್ಟಿರಬೇಕು ಎಂದು ನಿಯಮದಲ್ಲಿ ಸೇರಿಸಲು ಸಾಧ್ಯವೇ ಎಂದು ಕೇಳಿದರು.

ಲೆಕ್ಕಪರಿಶೋಧಕರು ಮಾನದಂಡವನ್ನು ಬದಲಿಸಿದ್ದೀರಿ ಎಂದು ಪ್ರಶ್ನೆ ಕಳಿಸಿದರು. ಚಿಕಿತ್ಸೆ ನಡೆದಿರುವುದು ಬೆಕ್ಕೊಂದಕ್ಕೆ, ಮಾನದಂಡಕ್ಕಲ್ಲ. ಆ ಬೆಕ್ಕು ಮತ್ತು ಮಾನದಂಡ ಒಂದೇ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಸ್ಥಳಾಭಾವದಿಂದ ಎಂದು ಉತ್ತರ ಬರೆದೆ. ಅವರು ಒಪ್ಪಿಕೊಂಡರು.

ಗಾಯ ಮಾಯ್ದ ಮೇಲೆ ಮೊದಲ ಬೆಳಿಗ್ಗೆ ಮೂಗಣ್ಣ ನಿರ್ದೇಶಕರ ಕೋಣೆಗೆ ಹೋಗಿ, ಬಂದು, ಕಿಟಕಿಯ ಬಳಿ ನಿಲ್ಲದೆ ನೇರ ಕೆಲಸಕ್ಕೆ ಕುಳಿತರು. ಅಂದು ಬಂದ ಬೆಕ್ಕುಗಳೆಲ್ಲ ನಾರಿದವು. ಸಾಲಿನಲ್ಲಿ ಮೊದಲು ಇದ್ದದ್ದು ಅತ್ತೆ, ಇನ್ನೂ ಬೆಳಕು ಹರಿಯುವಾಗಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದರು. ಮಸಿ ಬುಟ್ಟಿಯಲ್ಲಿ ತಲೆ ಎತ್ತಲಿಲ್ಲ. ಮೂಗಣ್ಣ ಒಮ್ಮೆ ಮಾತ್ರ ಮೂಸಿ, ಅತ್ತೆಯ ಮುಖ ನೋಡದೆ, ಪ್ರಮಾಣಪತ್ರಕ್ಕೆ ಮುದ್ರೆ ಒತ್ತಿದರು. ಅತ್ತೆ ಅದನ್ನು ಸೆರಗಿಗೆ ಕಟ್ಟಿಕೊಳ್ಳದೆ, ಮಡಚದೆ, ಕೈಯಲ್ಲೇ ಹಿಡಿದುಕೊಂಡು ಆಸ್ಪತ್ರೆಗೆ ನಡೆದರು. ನಾನು ರಜೆ ಹಾಕದೆ 'ಕ್ಷೇತ್ರ ಪರಿಶೀಲನೆ' ಎಂದು ಬರೆದು ಹಿಂದೆ ಹೋದೆ.

ವೈದ್ಯರು ಮಸಿಗೆ ಮಂಪರು ಕೊಟ್ಟು ಹಲ್ಲು ಕಿತ್ತರು. ಬೇರಿನ ಬುಡದ ಕೀವು ತೊಳೆದರು. ಕಿತ್ತ ಹಲ್ಲು ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಿತ್ತು. ಇಷ್ಟಕ್ಕಾ ಎಂದರು ಅತ್ತೆ.

ಮನೆಯಲ್ಲಿ ಮೊದಲ ದಿನ ಮಸಿ ಮಲಗಿಯೇ ಇತ್ತು. ಮರುದಿನ ಅತ್ತೆ ಬೇಯಿಸಿದ ಮೀನನ್ನು ಮುಳ್ಳು ತೆಗೆದು, ನುಣ್ಣಗೆ ಹಿಸುಕಿ, ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ನಾನು ಒಲೆಯ ಬಳಿ ಕೆಲಸವಿರುವಂತೆ ನಿಂತಿದ್ದೆ. ಮಸಿ ಬಂದಿತು. ಮೂಸಿತು. ತಲೆ ಓರೆ ಮಾಡದೆ ತಿನ್ನತೊಡಗಿ, ತಟ್ಟೆ ಜರುಗುತ್ತ ಜರುಗುತ್ತ ಗೋಡೆಗೆ ತಾಗುವವರೆಗೆ ನೆಕ್ಕಿತು. ಅತ್ತೆ ಅದರ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, ಉಪ್ಪಿನ ಡಬ್ಬವನ್ನೇ ಎಷ್ಟು ಹೊತ್ತು ಒರೆಸ್ತೀಯಮ್ಮ ಎಂದರು.

ದುರ್ವಾಸನಾಮುಕ್ತ ನಗರದಲ್ಲಿ ಒಮ್ಮೆಲೇ ಎಲ್ಲ ಬೆಕ್ಕುಗಳೂ ನಾರತೊಡಗಿದ್ದು ಹೇಗೆ ಎಂದು ನಗರಾಧ್ಯಕ್ಷರು ವಿವರಣೆ ಕೇಳಿದರು. ಇದು ನಿರ್ದೇಶನಾಲಯದ ಪತ್ತೆ ಸಾಮರ್ಥ್ಯ ಹೆಚ್ಚಿರುವುದರ ಫಲ ಎಂದು ನಾವು ತಿಳಿಸಿದೆವು. ಇನ್ನೊಂದು ಫಲಕ ಬಂತು. ಈ ಸಲ ಕೊಟ್ಟವರು ಹತ್ತಿರ ಬಂದು ಕೊಟ್ಟರು. ಆಸ್ಪತ್ರೆಗೆ ಇಬ್ಬರು ಹೊಸ ವೈದ್ಯರು ಬಂದರು, ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ನಿರ್ದೇಶಕರ ಮನೆಯವರು ಮೊದಲಿನ ಕೋಣೆಗೆ ವಾಪಸು ಬಂದರು ಎಂಬುದು ಖಾಸಗಿ ವಿಷಯವಾದ್ದರಿಂದ ಸುತ್ತೋಲೆಯಲ್ಲಿ ಮಾತ್ರ ತಿಳಿಸಲಾಯಿತು.

ಹಲ್ಲನ್ನು ಮತ್ತೆ ಕೆಡಲು ಬಿಡಬಾರದು, ಸಾಕಿದವರು ದಿನಾ ಉಜ್ಜಬೇಕು ಎಂದು ವೈದ್ಯರು ಪ್ರಮಾಣಪತ್ರ ಪಡೆದ ಎಲ್ಲ ಬೆಕ್ಕುಗಳಿಗೂ ಬರೆದುಕೊಡುತ್ತಾರೆ. ಮನುಷ್ಯರ ಪೇಸ್ಟು ಬೆಕ್ಕಿಗೆ ಆಗದು, ಬೆಕ್ಕಿನದ್ದೇ ಬೇಕು. ಸಾಹೇಬರ ಚೀಟಿಯಲ್ಲೂ ಅದನ್ನೇ ಬರೆದಿತ್ತು, ಸಾಕಿದವರೆಂದು ಅತ್ತೆಯ ಹೆಸರೇ ಇತ್ತು. ಅತ್ತೆ ಜವಾಬ್ದಾರಿ ಬಿಡುವವರಲ್ಲ. ಈಗ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ನನ್ನ ಜೊತೆಯೇ ಬರುತ್ತಾರೆ, ಒಂದು ಕೈಯಲ್ಲಿ ಮಸಿ, ಇನ್ನೊಂದರಲ್ಲಿ ಸಣ್ಣ ಬ್ರಷ್ಷುಗಳ ಚೀಲ. ನಿರ್ದೇಶಕರ ಕೋಣೆಯಲ್ಲಿ ಅವರಿಗೆಂದೇ ಒಂದು ಮೋಡಾ, ಅಂದರೆ ಬೆತ್ತದ ಗಿಡ್ಡ ಪೀಠ, ಹಾಕಿದ್ದಾರೆ. ಉಪನಿರ್ದೇಶಕರು, ಮೂಗಣ್ಣ, ಕಾಗದ ಹಿಡಿದ ಗುಮಾಸ್ತರು ಬಾಗಿಲ ಬಳಿ ಸದ್ದಿಲ್ಲದೆ ಕಾಯುತ್ತಾರೆ. ಇದರಲ್ಲಿ ವಿಶೇಷವೇನಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ, ನನಗೂ ಇಲ್ಲ.

ನಿನ್ನೆ ನಗರಾಧ್ಯಕ್ಷರು ತುರ್ತಾಗಿ ಕರೆದಿದ್ದರು. ನಿರ್ದೇಶಕರು ಗಡಿಯಾರ ನೋಡಿ, ಮೋಡಾದ ಮುಂದೆ ಬಂದು ಬಾಗಿ, ಇವತ್ತು ಒಂದು ದಿನ ನನ್ನದು ಮೊದಲು ಆಗಲಿ ಎಂದು ಕೇಳಿಕೊಂಡರು. ಅತ್ತೆ ಮಸಿಯ ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಬ್ರಷ್ಷಿಗೆ ಮೀನು ರುಚಿಯ ಪೇಸ್ಟು ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಸಾಲಲ್ಲಿ ನಿಂತ್ಕೋ ಮಗಾ," ಎಂದರು. "ಬಾಯಿ ಮುಚ್ಚಬೇಡ, ಬಂದೆ."

ನಿರ್ದೇಶಕರು ಬಾಯಿ ತೆರೆದುಕೊಂಡು ನಿಂತರು. ಅವರ ಹಿಂದೆ, ತಾವೂ ನಿಂತಿರುವುದು ಮೇಲೆಂದು ತೋಚಿ, ಉಪನಿರ್ದೇಶಕರು ಬಾಯಿ ತೆರೆದುಕೊಂಡು ನಿಂತರು.